ಒಂದೊಂದೇ ಅಂಕಿ ಕೂಡಿಸಿದ ಗಣಕಯಂತ್ರ

ಐಬಿಎಂ 1401 ಟ್ರಾನ್ಸಿಸ್ಟರ್ ಯುಗದ ಮಧ್ಯಮ ಗಾತ್ರದ ಗಣಕಯಂತ್ರ. 1959ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಯಂತ್ರ ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು; 1960ರ ದಶಕದಲ್ಲಿ ಭಾರತದ ಕಚೇರಿಗಳಿಗೂ ಬಂತು. ಅದಕ್ಕೂ ಹಿಂದಿನ ಯಂತ್ರಗಳ ನಿರ್ವಾತ ಕೊಳವೆಗಳು ಬಿಸಿಯಾಗಿ ಕೆಡುತ್ತಿದ್ದವು. ಟ್ರಾನ್ಸಿಸ್ಟರಿಗೆ ಕಡಿಮೆ ವಿದ್ಯುತ್ ಸಾಕು, ಬಾಳಿಕೆಯೂ ಹೆಚ್ಚು. ಆದರೆ ಆಗ ಅದು ದುಬಾರಿ. ಹಾಗಾಗಿ ಕಡಿಮೆ ಬಿಡಿಭಾಗಗಳಲ್ಲಿ ಹೆಚ್ಚು ಕೆಲಸ ತೆಗೆಯುವುದು ವಿನ್ಯಾಸಕಾರರ ಗುರಿಯಾಗಿತ್ತು.

1401ರ ವಿದ್ಯುನ್ಮಂಡಲಗಳು ಅಂಗೈಯಗಲದ ಕಾರ್ಡುಗಳಲ್ಲಿದ್ದವು. ಪ್ರತಿ ಕಾರ್ಡಿನಲ್ಲೂ ಕೆಲವೇ ಟ್ರಾನ್ಸಿಸ್ಟರು, ಡಯೋಡು, ರೋಧಕಗಳು. ಕೆಟ್ಟ ಕಾರ್ಡನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿದರೆ ದುರಸ್ತಿ ಮುಗಿಯುತ್ತಿತ್ತು.

ಸ್ಮೃತಿಯಲ್ಲಿದ್ದದ್ದು ತಂತಿಗಳಲ್ಲಿ ಪೋಣಿಸಿದ ಫೆರೈಟ್ ಉಂಗುರಗಳು. ಒಂದು ದಿಕ್ಕಿನ ಕಾಂತತೆ 0, ಎದುರು ದಿಕ್ಕಿನದು 1. ಓದಿದಾಗ ಮಾಹಿತಿ ಅಳಿಯುವುದರಿಂದ ಅದನ್ನು ಕೂಡಲೇ ಮತ್ತೆ ಬರೆಯಬೇಕು. ಈ ಎರಡೂ ಸೇರಿ 11.5 ಮೈಕ್ರೊಸೆಕೆಂಡು. ಒಂದು ಅಕ್ಷರಕ್ಕೆ ಎಂಟು ಉಂಗುರ: ಆರು ಅಕ್ಷರಕ್ಕೆ, ಒಂದು ತಪ್ಪು ಪತ್ತೆಗೆ, ಇನ್ನೊಂದು ಸಂಖ್ಯೆ ಎಲ್ಲಿ ಮುಗಿಯುತ್ತದೆಂಬ ಗುರುತಿಗೆ. ಆ ಗುರುತಿನಿಂದಾಗಿ ಸಂಖ್ಯೆ ಎಷ್ಟು ಉದ್ದವಿದ್ದರೂ ಸರಿಯೇ. ಸ್ಮೃತಿ 1,400ರಿಂದ 16,000 ಅಕ್ಷರಗಳವರೆಗೆ.

ಸಂಕಲನ ನಡೆಯುತ್ತಿದ್ದುದು ಶಾಲೆಯ ಸ್ಲೇಟಿನ ಲೆಕ್ಕದಂತೆ: ಬಿಡಿ ಸ್ಥಾನದಿಂದ ಒಂದೊಂದೇ ಅಂಕಿ ಕೂಡಿಸಿ, ದಶಕವನ್ನು ಮುಂದಕ್ಕೆ ಒಯ್ಯುತ್ತ. ಒಂದು ಅಂಕಿ ಕೂಡಿಸುವಷ್ಟು ಮಂಡಲವಿದ್ದರೆ ಸಾಕಾಗುತ್ತಿತ್ತು. ತಡವಾದರೂ ಖರ್ಚು ಉಳಿಯುತ್ತಿತ್ತು. ಹಾಗೆಯೇ, ಮಾಹಿತಿಯ ರಂಧ್ರಕಾರ್ಡುಗಳನ್ನು ಓದಲು ಸ್ಮೃತಿಯ 1ರಿಂದ 80, ಅವುಗಳಲ್ಲಿ ರಂಧ್ರ ಕೊರೆಯಲು 101ರಿಂದ 180, ಮುದ್ರಣಕ್ಕೆ 201ರಿಂದ 332ನೇ ಸ್ಥಾನಗಳು ಮೀಸಲಾಗಿದ್ದುದರಿಂದ ಅವಕ್ಕೆ ಪ್ರತ್ಯೇಕ ಸ್ಮೃತಿ ಬೇಕಾಗಲಿಲ್ಲ. ಕಾರ್ಡ್ ಓದುವ ವೇಗ ನಿಮಿಷಕ್ಕೆ 800, ಮುದ್ರಣದ್ದು 600 ಸಾಲು.

ವೈಜ್ಞಾನಿಕ ಕೆಲಸಕ್ಕಾಗಿ ಬಂದ ಐಬಿಎಂ 1620 ಈ ಮಿತವ್ಯಯದಲ್ಲಿ ಇನ್ನೂ ಮುಂದೆ ಹೋಯಿತು. ಅದರ ಮೊದಲ ಮಾದರಿಯಲ್ಲಿ ಕೂಡಿಸುವ ಮಂಡಲವೇ ಇರಲಿಲ್ಲ. ಸಂಕಲನ, ಗುಣಾಕಾರದ ಮಗ್ಗಿಗಳನ್ನು ಸ್ಮೃತಿಯಲ್ಲಿಟ್ಟು ಉತ್ತರವನ್ನು ಅಲ್ಲಿಂದ ತೆಗೆಯುತ್ತಿತ್ತು. ಮಗ್ಗಿಯ ಮೇಲೆ ಬೇರೇನಾದರೂ ಬರೆದುಹೋದರೆ ಲೆಕ್ಕವೆಲ್ಲ ತಪ್ಪು. 1963ರಲ್ಲಿ ಐಐಟಿ ಕಾನ್ಪುರಕ್ಕೆ ಬಂದ 1620ರ ಮೇಲೆ ಎಚ್.ಕೆ. ಕೇಶವನ್, ವಿ. ರಾಜಾರಾಮನ್ ಮೊದಲಾದವರು ಗಣಕ ಶಿಕ್ಷಣ ಕಟ್ಟಿದರು.

1964ರಲ್ಲಿ ಪ್ರಕಟವಾದ ಸಿಸ್ಟಮ್/360 ಸರಣಿಯಲ್ಲಿ ಬಿಡಿ ಟ್ರಾನ್ಸಿಸ್ಟರ್ ಕಾರ್ಡುಗಳ ಬದಲು ಚಿಕ್ಕ ಪಿಂಗಾಣಿ ಫಲಕದ ಘಟಕಗಳು ಬಂದವು. ಬಿಡಿಭಾಗ ಅಗ್ಗವಾದಂತೆ 32 ಬಿಟ್‌ಗಳ (0 ಅಥವಾ 1ಗಳ) ಸಂಖ್ಯೆಯನ್ನು ಒಮ್ಮೆಗೇ ಕೂಡಿಸುವ ಯಂತ್ರಗಳು ರೂಢಿಯಾದವು.