ತಿದ್ದಿಕೊಟ್ಟವರು ಯಾರು?

ಹೋದ ಸೆಮಿಸ್ಟರಿನಲ್ಲಿ ಎಂ.ಎ. ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಪ್ರಬಂಧವನ್ನು ಹಿರಿಯ ಸಹೋದ್ಯೋಗಿಯೊಬ್ಬರು ಪತ್ತೆಯಂತ್ರಕ್ಕೆ ಹಾಕಿದರು. ‘ಇದು ಎಐ ಬರೆದದ್ದು’ ಎಂಬ ತೀರ್ಪು ಬಂತು. ಕೇರಿಯಿಂದ ಬಂದ ಮೊದಲ ತಲೆಮಾರಿನ ಹುಡುಗಿ. ನನ್ನೆದುರು ನಿಂತು ಕೇಳಿದ್ದು ಇಷ್ಟೆ: “ಸಾ, ತಪ್ಪಾಗಿ ಬರುದ್ರೆ ಇಂಗ್ಲಿಷ್ ಬರಲ್ಲ ಅಂತೀರ. ನೆಟ್ಟಗೆ ಬರುದ್ರೆ ಎಲ್ಲಿಂದ ಕದ್ದೆ ಅಂತೀರ. ನಾವು ಹೆಂಗ್ ಬರೀಬೇಕು?”

2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯಂಥವು ಓದಿಸಿದ ಅಪಾರ ಪಠ್ಯದ ಬಲದಿಂದ, ಒಂದು ಪದದ ಮುಂದೆ ಯಾವುದು ಬರುವ ಸಾಧ್ಯತೆ ಹೆಚ್ಚೋ ಅದನ್ನು ಪೋಣಿಸುತ್ತಾ ಹೋಗುತ್ತವೆ. ಪತ್ತೆಯಂತ್ರಗಳಲ್ಲಿ ಹಲವು ಇದನ್ನೇ ತಿರುಗಿಸಿ ಅಳೆಯುತ್ತವೆ: ಮುಂದಿನ ಪದ ಸುಲಭವಾಗಿ ಊಹೆಗೆ ಸಿಕ್ಕರೆ ಅದು ಯಂತ್ರದ ಬರಹ. ಇರುವ ಕೆಲವೇ ಪದಗಳಲ್ಲಿ ಹೆದರಿ ಹೆದರಿ ಬರೆಯುವವರ ಇಂಗ್ಲಿಷೂ ಹಾಗೇ ತಾನೆ ಇರುವುದು? 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆಯಂತ್ರಗಳಿಗೆ ಕೊಟ್ಟರು. ಸರಾಸರಿ ಶೇ. 61ರಷ್ಟನ್ನು ಅವು ಯಂತ್ರದ್ದೆಂದವು. ಅದೇ ವರ್ಷ ಜುಲೈನಲ್ಲಿ ಓಪನ್‌ಎಐ ನಿಖರತೆ ಸಾಲದೆಂದು ತನ್ನ ಪತ್ತೆಯಂತ್ರವನ್ನೇ ಹಿಂತೆಗೆದುಕೊಂಡಿತು. ನಮ್ಮ ಮೇಷ್ಟ್ರುಗಳು ಮಾತ್ರ ನಂಬುತ್ತಲೇ ಇದ್ದಾರೆ.

ತರಗತಿಯಲ್ಲಿ ಈ ಮಾತು ತೆಗೆದೆ. “ಎಲ್ರೂ ಬಳಸ್ತಾರೆ, ಸಿಕ್ಕಿಬಿದ್ದೋನು ಮಾತ್ರ ಕಳ್ಳ” ಎಂದ ಒಬ್ಬ. ರಾತ್ರಿಯಿಡೀ ಕೂತು ಬರೆದ ಇನ್ನೊಬ್ಬಳಿಗೆ ಇದು ಅಪ್ಪಟ ಮೋಸ. ಹಾಸ್ಟೆಲ್ಲಿನ ಹುಡುಗನೊಬ್ಬ ಎದ್ದುನಿಂತ: “ಇವನಿಗೆ ಅವರಪ್ಪ ಪ್ರೊಫೆಸರ್ರು ತಿದ್ಕೊಟ್ರೆ ಗೈಡೆನ್ಸು. ನಂಗೆ ಮೊಬೈಲು ತಿದ್ಕೊಟ್ರೆ ಕಳವು. ಅದೆಂಗೆ ಸಾ?” ಉತ್ತರ ಹೊಳೆಯಲಿಲ್ಲ. (ನನ್ನ ಪ್ರಬಂಧ ತಿದ್ದಿಕೊಟ್ಟ ಪುಣ್ಯಾತ್ಮರೂ ಒಬ್ಬರಿದ್ದರು.) ಪ್ರಾಮಾಣಿಕತೆಯನ್ನು ನಾವು ಒಬ್ಬಂಟಿ ವಿದ್ಯಾರ್ಥಿಯ ಶೀಲವೆಂದೇ ನೋಡುತ್ತೇವೆ, ಕೆಲವರಿಗೆ ಮನೆಯಲ್ಲೇ ತಲೆಮಾರುಗಳಿಂದ ಸಿಗುವ ನೆರವು ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಈ ಯಂತ್ರ ನಮ್ಮ ವಿಮೋಚಕ ಎನ್ನಲಾರೆ. ಅದೇ ಹುಡುಗ, 1936ರ ‘ಜಾತಿ ವಿನಾಶ’ದ್ದೆಂದು ಅಂಬೇಡ್ಕರರ ಒಂದು ವಾಕ್ಯ ಉದ್ಧರಿಸಿದ್ದ. ಎರಡು ಸಂಜೆ ಲೈಬ್ರರಿಯಲ್ಲಿ ಕೂತು ಇಬ್ಬರೂ ಸಾಲುಸಾಲಾಗಿ ಹುಡುಕಿದೆವು. ಇಲ್ಲ. ಯಂತ್ರ ಒಪ್ಪುವ ಹಾಗೆ ಪದ ಪೋಣಿಸಿತ್ತು, ಅಷ್ಟೆ. ಬಾಬಾಸಾಹೇಬರು ಆಡದ ಮಾತನ್ನು ಅವರ ಬಾಯಿಗೆ ತುರುಕುವುದು ಅಂಕದ ಪ್ರಶ್ನೆಯಲ್ಲ, ನಮ್ಮ ಚರಿತ್ರೆಯ ಪ್ರಶ್ನೆ. ಸಂಶೋಧನಾ ಬರಹದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎನ್ನುವ ಯುಜಿಸಿಯ 2018ರ ನಿಯಮಗಳ ಜರಡಿಯಲ್ಲಿ, ಯಾವ ಪುಸ್ತಕಕ್ಕೂ ಹೋಲದ ಇಂಥ ಸುಳ್ಳು ಸಿಗುವುದೇ ಇಲ್ಲ.

ಈ ಸಲ ಎಲ್ಲರನ್ನೂ ಹತ್ತು ನಿಮಿಷ ಎದುರು ಕೂರಿಸಿಕೊಂಡು, ಬರೆದದ್ದರ ಬಗ್ಗೆ ಕನ್ನಡದಲ್ಲೇ ಕೇಳುತ್ತಿದ್ದೇನೆ. ಪ್ರೊಫೆಸರರ ಮಗನನ್ನೂ. ಆ ಹುಡುಗಿ ನಲವತ್ತು ನಿಮಿಷ ಮಾತಾಡಿದಳು. ಹೋದ ಸೆಮಿಸ್ಟರಿನ ಅವಳ ಅಂಕಗಳನ್ನು ಇನ್ನೂ ತಡೆಹಿಡಿದೇ ಇದ್ದಾರೆ.