ರಜೆಯ ಏಳು ವಾರ: ಮೊಬೈಲ್ ಬದಿಗಿಟ್ಟು, ಕೈಗೆಟುಕುವ ಖರ್ಚಿನಲ್ಲಿ ಮಕ್ಕಳಿಗೆ ಏನು ಮಾಡಿಸಬಹುದು?

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕುಟುಂಬಗಳಿಗೆ ಕೆಲವು ಸಲಹೆಗಳು

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರ ರಜೆ ಆರಂಭವಾದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಸುಮಾರು ಏಳು ವಾರ. ಹಿಂದೆ ಈ ದಿನಗಳು ಅಜ್ಜಿಯ ಊರಿನಲ್ಲಿ ಕಳೆದುಹೋಗುತ್ತಿದ್ದವು. ಈಗ ಅಂಗಡಿಗೆ ಬೀಗ ಹಾಕಿ ಹೋಗಲು ತಂದೆಗೆ ಆಗುವುದಿಲ್ಲ, ತಾಯಿಗೂ ಕಚೇರಿ ಇರುತ್ತದೆ. ಮಗು ಮೂರನೇ ಮಹಡಿಯ ಮನೆಯಲ್ಲಿ ಅಜ್ಜ ಅಜ್ಜಿಯ ಜೊತೆ, ಇಲ್ಲವೇ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಸ್ಟೂಲಿನ ಮೇಲೆ ಕೂತಿರುತ್ತದೆ. ಎರಡು ಕಡೆಯೂ ಕೈಯಲ್ಲಿ ಮೊಬೈಲ್.

ಮೊಬೈಲ್ ಕೊಡುವ ಪಾಲಕರು ಮಕ್ಕಳ ಬಗ್ಗೆ ಕಾಳಜಿ ಇಲ್ಲದವರಲ್ಲ. ಬೇರೆ ದಾರಿ ಕಾಣದೆ ಕೊಡುತ್ತಾರೆ. ಬೇಸಿಗೆ ಶಿಬಿರಗಳಿಗೆ ಸಾವಿರಾರು ರೂಪಾಯಿ ಶುಲ್ಕ, ಇಬ್ಬರು ಮಕ್ಕಳಿದ್ದರೆ ದುಪ್ಪಟ್ಟು. ಅದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಉತ್ತರ ಬೆಂಗಳೂರಿನಲ್ಲಿ ಬಸ್ ಖರ್ಚಿಗಿಂತ ಹೆಚ್ಚು ಬೇಡದ ಅನೇಕ ಅವಕಾಶಗಳಿವೆ.

ಎಷ್ಟು ಹೊತ್ತು ನೋಡಿದರೆ ಹೆಚ್ಚು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಎಂದೂ ಅದು ಹೇಳುತ್ತದೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಸಮಯ ಕಳೆಯುವ ಮಕ್ಕಳಲ್ಲಿ ದೂರದ್ದು ಕಾಣದ ಕಣ್ಣಿನ ದೋಷ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಅಂದರೆ ಮೊಬೈಲ್ ಕಿತ್ತುಕೊಂಡರೆ ಸಾಲದು. ಆ ಜಾಗಕ್ಕೆ ಬೇರೊಂದು ಕೆಲಸ ಕೊಡಬೇಕು.

ಮೊದಲು ಸರದಿ, ಆಮೇಲೆ ಚಟುವಟಿಕೆ

ಒಂದೇ ಮನೆಯವರು ಏಳು ವಾರ ಮಕ್ಕಳನ್ನು ಹಿಡಿದಿಡುವುದು ಕಷ್ಟ. ಒಂದೇ ಅಪಾರ್ಟ್‌ಮೆಂಟ್ ಅಥವಾ ಬೀದಿಯ ಆರು ಮನೆಯವರು ಸೇರಿದರೆ ಕೆಲಸ ಹಗುರವಾಗುತ್ತದೆ. ಸೋಮವಾರದಿಂದ ಶನಿವಾರದವರೆಗೆ ಪ್ರತಿ ಮನೆಗೆ ಒಂದು ದಿನ. ಆ ದಿನ ಆ ಮನೆಯ ಹಿರಿಯರೊಬ್ಬರು ಎಲ್ಲ ಮಕ್ಕಳ ಜವಾಬ್ದಾರಿ ಹೊರುತ್ತಾರೆ. ಉಳಿದ ಐದು ದಿನ ಅವರಿಗೆ ಬಿಡುವು. ಟೈಲರಿಂಗ್ ಬಲ್ಲವರು ಗುಂಡಿ ಹೊಲಿಯುವುದನ್ನು, ಲೆಕ್ಕ ಬಲ್ಲವರು ಲೆಕ್ಕವನ್ನು, ಅಡುಗೆ ಬಲ್ಲವರು ಕೋಸಂಬರಿಯನ್ನು ಕಲಿಸಲಿ. ಇದಕ್ಕೆ ಶುಲ್ಕವಿಲ್ಲ.

ವೇಳೆಯನ್ನು ಬಿಸಿಲಿಗೆ ತಕ್ಕಂತೆ ಹಂಚಿಕೊಳ್ಳಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಆದ್ದರಿಂದ ಹೊರಗಿನ ಓಡಾಟ ಬೆಳಿಗ್ಗೆ 6.30ರಿಂದ 9ರವರೆಗೆ, ಮನೆಯೊಳಗಿನ ಆಟ 11ರಿಂದ 4ರವರೆಗೆ, ಮತ್ತೆ ಹೊರಗೆ 4.30ರ ನಂತರ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸೂರ್ಯಾಸ್ತ ಸುಮಾರು 6.30ರಿಂದ 6.40ರ ನಡುವೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಮನೆಗಳ ಮಕ್ಕಳು ಗುಂಪಿನಲ್ಲಿದ್ದರೆ ಸಂಜೆಯ ಆಟವನ್ನು 5.45ಕ್ಕೆ ನಿಲ್ಲಿಸುವುದು ಅನುಕೂಲ. ಶುಲ್ಕದ ಶಿಬಿರಗಳಲ್ಲಿ ಈ ಹೊಂದಾಣಿಕೆ ಸುಲಭವಾಗಿ ಸಿಗುವುದಿಲ್ಲ.

ಕೆರೆ ದಂಡೆಯ ಬೆಳಗು

ಯಲಹಂಕ, ಅಳ್ಳಾಲಸಂದ್ರ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸರಪಳಿ. ಮಕ್ಕಳಿಗೆ ಒಂದು ಡ್ರಾಯಿಂಗ್ ಹಾಳೆ ಕೊಟ್ಟು ಈ ಸರಪಳಿಯ ನಕ್ಷೆ ಬರೆಯಲು ಹೇಳಿ. ವಾರಕ್ಕೊಂದು ಕೆರೆ ನೋಡಿ ಬಂದು ನಕ್ಷೆಗೆ ಸೇರಿಸಲಿ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ನಗರದ ಮಗುವಿಗೆ ಮನೆಯ ಹತ್ತಿರವೇ ಇಂಥದ್ದೊಂದು ಜಾಗ ಇದೆ ಎಂಬುದೇ ಸೋಜಿಗ.

ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ನಾಮದಕೋಳಿ, ಮಿಂಚುಳ್ಳಿ, ಬೆಳ್ಳಕ್ಕಿ ಈ ಕೆರೆಗಳಲ್ಲಿ ಕಾಣಸಿಗುವ ಹಕ್ಕಿಗಳು. ದುರ್ಬೀನು ಬೇಕಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ, ಹಕ್ಕಿಯ ಬಣ್ಣ, ಕೊಕ್ಕಿನ ಆಕಾರ, ಅದು ಏನು ಮಾಡುತ್ತಿತ್ತು, ಇಷ್ಟು ಬರೆದುಕೊಂಡರೆ ಸಾಕು. ಹೆಸರನ್ನು ಮನೆಗೆ ಬಂದ ಮೇಲೆ ಪುಸ್ತಕದಲ್ಲಿ ಹುಡುಕಬಹುದು. ಗೊದಮೊಟ್ಟೆ ಹಿಡಿಯುವುದು, ಗೂಡು ಮುಟ್ಟುವುದು, ಹಕ್ಕಿಗೆ ಕಲ್ಲೆಸೆದು ಹಾರಿಸುವುದು ಬೇಡ ಎಂದು ಮೊದಲೇ ಹೇಳಬೇಕು. ನೋಡುವುದರಲ್ಲಿಯೇ ಸಂತೋಷವಿದೆ ಎಂಬುದನ್ನು ಮಗು ಇಲ್ಲಿ ತಾನಾಗಿ ಕಲಿಯುತ್ತದೆ.

ಜಕ್ಕೂರಿನಲ್ಲಿ ಇನ್ನೊಂದು ಪಾಠವಿದೆ. ಶುದ್ಧೀಕರಣ ಘಟಕದಿಂದ ಬರುವ ನೀರು ಜೌಗಿನ ಗಿಡಗಳ ನಡುವೆ ಹಾದು ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಮನೆಯಲ್ಲಿ ಇದರ ಪುಟ್ಟ ಮಾದರಿ ಮಾಡಬಹುದು. ಬಾಟಲಿಯ ತಳ ಕತ್ತರಿಸಿ, ತಲೆಕೆಳಗು ಮಾಡಿ, ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಮರಳು, ಸಣ್ಣ ಕಲ್ಲು, ದಪ್ಪ ಕಲ್ಲು ತುಂಬಿ ಕೆಸರು ನೀರು ಸುರಿದರೆ ಕೆಳಗೆ ತಿಳಿ ನೀರು ತೊಟ್ಟಿಕ್ಕುತ್ತದೆ. ಅದು ಕಣ್ಣಿಗೆ ತಿಳಿಯಾದರೂ ಕುಡಿಯಲು ಯೋಗ್ಯವಲ್ಲ ಎಂಬುದನ್ನೂ ತಿಳಿಸಿ. ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವ ಮನೆಯ ಅಜ್ಜಿ ಇದ್ದರೆ, ಹಾಗೇಕೆ ಮಾಡುತ್ತಾರೆಂದು ಮಕ್ಕಳು ಅವರನ್ನೇ ಕೇಳಲಿ.

ಒಂದು ಎಚ್ಚರಿಕೆ: ಕೆರೆಗೆ ಹೋಗುವಾಗ ಮೂರು ನಾಲ್ಕು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲೇಬೇಕು. ನೀರಿಗೆ ಇಳಿಯುವಂತಿಲ್ಲ. ಕೆರೆಗಳ ಪ್ರವೇಶದ ವೇಳೆ ಬೇರೆ ಬೇರೆ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಊರಿನ ಹೆಸರು ಹುಡುಕುವ ಆಟ

ಆರ್.ಟಿ. ನಗರದಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಅದು ರವೀಂದ್ರನಾಥ ಟ್ಯಾಗೋರ್ ನಗರ ಎಂದು ಗೊತ್ತಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಬೆಂಗಳೂರಿನಲ್ಲಿ ಸಿಕ್ಕ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಅದೂ ಒಂದು. ಅದರಲ್ಲಿ ಈ ಸೀಮೆಯ ಹೆಸರು ‘ಪೆರ್ಬೊಳಲ್ ನಾಡು’ ಎಂದಿದೆ. ಮೇಲುಸೇತುವೆಯ ವಾಹನ ದಟ್ಟಣೆಗೆ ಹೆಸರಾದ ಜಾಗದಲ್ಲಿ 1,200 ವರ್ಷಕ್ಕೂ ಹಿಂದೆ ಊರಿತ್ತು, ಕನ್ನಡ ಬರೆಯುವವರಿದ್ದರು ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ. ತಮ್ಮ ಬೀದಿ, ಬಡಾವಣೆ, ಬಸ್ ನಿಲ್ದಾಣದ ಹೆಸರು ಹೇಗೆ ಬಂತೆಂದು ಹಳಬರನ್ನು ಕೇಳಿ ಬರೆದು ತರುವ ಸ್ಪರ್ಧೆ ಇಡಬಹುದು.

ಮಧ್ಯಾಹ್ನಕ್ಕೆ ಮಣೆ ಆಟ

ಚೌಕಾಬಾರಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣ, ನಾಲ್ಕು ಕವಡೆ. ಕವಡೆ ಬೇಡವೆಂದರೆ ಹುಣಸೆ ಬೀಜವನ್ನು ಒಂದು ಬದಿ ಬೆಳ್ಳಗಾಗುವಂತೆ ಉಜ್ಜಿಕೊಳ್ಳಿ. ನೆಲದ ಮೇಲೆ ಐದಕ್ಕೆ ಐದು, ಒಟ್ಟು 25 ಮನೆ ಬರೆಯಬೇಕು. ನಾಲ್ಕೂ ಬದಿಯ ನಡುಮನೆಗೆ ಗುಣಾಕಾರದ ಗುರುತು ಹಾಕಿದರೆ ಅದು ಕಟ್ಟೆ, ಅಲ್ಲಿ ಕಾಯಿ ಕಡಿಯುವಂತಿಲ್ಲ. ಒಂದು, ಎರಡು, ಮೂರು ಕವಡೆ ಮಗುಚಿದರೆ ಅಷ್ಟೇ ಮನೆ. ನಾಲ್ಕೂ ಮಗುಚಿದರೆ ಚೌಕ, ನಾಲ್ಕು ಮನೆ. ಒಂದೂ ಮಗುಚದಿದ್ದರೆ ಬಾರ, ಎಂಟು ಮನೆ. ಹೊರ ಸುತ್ತು ಮುಗಿಸಿ, ಒಳ ಸುತ್ತು ಹೊಕ್ಕು, ನಡುಮನೆಗೆ ಎಲ್ಲ ಕಾಯಿ ಮುಟ್ಟಿಸಿದವರು ಗೆದ್ದಂತೆ. ಸಣ್ಣಪುಟ್ಟ ನಿಯಮ ಮನೆಯಿಂದ ಮನೆಗೆ ಬೇರೆ. ಆ ವಾದವೂ ಆಟದ ಭಾಗವೇ.

ಅಳಗುಳಿಮಣೆಯಲ್ಲಿ ಏಳೇಳರ ಎರಡು ಸಾಲು, 14 ಗುಳಿ. ಮರದ ಮಣೆ ಇಲ್ಲದಿದ್ದರೆ 14 ಸಣ್ಣ ಬಟ್ಟಲು ಇಡಿ. ಗುಳಿಗೆ ಐದರಂತೆ 70 ಬೀಜ. ಬೀಜ ಹಂಚುತ್ತ ಹಂಚುತ್ತ ಎಲ್ಲಿ ನಿಲ್ಲುತ್ತದೆಂದು ಮೊದಲೇ ಎಣಿಸುವ ಮಗು ತಿಳಿಯದೆಯೇ ಲೆಕ್ಕ ಕಲಿಯುತ್ತದೆ.

ಲೆಕ್ಕದ ಮಾತು ಬಂದಾಗ ಮಹಾವೀರಾಚಾರ್ಯರನ್ನು ಮರೆಯಬಾರದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ ಬರೆದವರು. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಕ್ಯಾಲ್ಕುಲೇಟರ್ ಮುಟ್ಟದೆ ಇವನ್ನು ಮಾಡಲು ಹೇಳಿ:

139 × 109
152207 × 73
12345679 × 9
14287143 × 7

ಉತ್ತರ ಕ್ರಮವಾಗಿ 15151, 11111111, 111111111, 100010001. ಒಂದು ಹಾರ ಸರಿಯಾಗಿ ಬಂದರೆ ಇನ್ನೊಂದನ್ನು ಹುಡುಕುವ ಹುರುಪು ತಾನಾಗಿ ಬರುತ್ತದೆ. ಈ ಗ್ರಂಥ ಕನ್ನಡ ಅನುವಾದದೊಂದಿಗೆ 2000ರಲ್ಲಿ ಹೊಂಬುಜದಿಂದ ಪ್ರಕಟವಾಗಿದೆ.

ಮುನ್ನೂರು ರೂಪಾಯಿಯ ಖಾತಾ ಪುಸ್ತಕ

ಹತ್ತು ವರ್ಷ ದಾಟಿದ ಮಗುವಿಗೆ ತಿಂಗಳಿಗೆ ಇಂತಿಷ್ಟು, ಉದಾಹರಣೆಗೆ 300 ರೂಪಾಯಿ ಕೊಟ್ಟು ಜಮಾ ಖರ್ಚು ಬರೆಯಲು ಹೇಳಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಪ್ರತಿ ರಾತ್ರಿ ಉಳಿಕೆ ಮತ್ತು ಕೈಯಲ್ಲಿರುವ ಹಣ ತಾಳೆಯಾಗಬೇಕು. ತಾಳೆಯಾಗದಿದ್ದರೆ ಬೈಯುವುದು ಬೇಡ, ಜೊತೆಗೆ ಕೂತು ಹುಡುಕಿ.

ಅಂಗಡಿಗೆ ಬರುವ ಮಗುವಿಗೂ ಕೆಲಸ ಕೊಡಬಹುದು. ಬಂದ ಮಾಲನ್ನು ಎಣಿಸಲಿ, ತೂಕ ನೋಡಲಿ, ಗಿರಾಕಿಗೆ ನೀರು ಕೊಟ್ಟು ಮಾತಾಡಿಸಲಿ. ಒಂದೆರಡು ಗಂಟೆ ಸಾಕು. ಅದು ಕಲಿಕೆ ಆಗಬೇಕೇ ಹೊರತು ದುಡಿಮೆ ಆಗಬಾರದು.

ತರಕಾರಿ ತರಲು ಮಗುವನ್ನು ಜೊತೆಗೆ ಕರೆದೊಯ್ಯಿರಿ. ನೆಲದ ಮೇಲೆ ಬೆಳೆಯುವುದು ಯಾವುದು, ಒಳಗೆ ಬೆಳೆಯುವುದು ಯಾವುದು ಎಂದು ಎರಡು ಪಟ್ಟಿ ಮಾಡಲಿ. ಯಶವಂತಪುರದ ಎಪಿಎಂಸಿ ಯಾರ್ಡ್ ಈರುಳ್ಳಿ, ಆಲೂಗಡ್ಡೆಗೆ ಹೆಸರಾದದ್ದು. ಅವನ್ನು ತಿನ್ನದ ಮನೆಯ ಮಗು ಕೂಡ ಆ ಮೂಟೆಗಳು ಎಲ್ಲಿಂದ ಬಂದವು, ದರ ಏಕೆ ಏರಿಳಿಯುತ್ತದೆ ಎಂದು ಕೇಳಿ ತಿಳಿಯಬಹುದು.

ನೀವು ಈಗಾಗಲೇ ಹಣ ಕಟ್ಟಿರುವ ಗ್ರಂಥಾಲಯ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಪಡೆಯಲಾಗುತ್ತದೆ. ಹೀಗೆ ಹಣ ಕಟ್ಟಿಯೂ ಬಡಾವಣೆಯ ಶಾಖಾ ಗ್ರಂಥಾಲಯದ ಮೆಟ್ಟಿಲು ಹತ್ತದ ಕುಟುಂಬಗಳೇ ಹೆಚ್ಚು. ಕೂತು ಓದಲು ಶುಲ್ಕವಿಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದದ್ದು, ಶಿವರಾಮ ಕಾರಂತರ ‘ಬಾಲಪ್ರಪಂಚ’, ನಿರಂಜನರು ಸಂಪಾದಿಸಿದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಇವೆಯೇ ಎಂದು ಕೇಳಿ ನೋಡಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಓದು ನಿಧಾನವಾಗಿದ್ದರೆ ದಿನಕ್ಕೆ ಒಂದು ಪುಟ ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಲಿ. ಕಬ್ಬನ್ ಪಾರ್ಕಿನಲ್ಲಿ ಮಕ್ಕಳ ಗ್ರಂಥಾಲಯವಿದೆ, ಬಾಲಭವನವೂ ಅಲ್ಲಿಯೇ. ಯಶವಂತಪುರದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಕಬ್ಬನ್ ಪಾರ್ಕ್ ನಿಲ್ದಾಣ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ತಾಯಿ, ಅಜ್ಜಿ, ಮಗಳು ಗುರುತಿನ ಚೀಟಿ ಇಟ್ಟುಕೊಂಡರೆ ನಗರದೊಳಗಿನ ಓಡಾಟಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು.

ಒಂದು ದಿನದ ಪ್ರವಾಸ

ಕುಣಿಗಲ್ ಮೂಲಕ ಹಾಸನಕ್ಕೆ ಹೋಗುವ ರೈಲು ಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ಯಶವಂತಪುರದಿಂದ ಶ್ರವಣಬೆಳಗೊಳಕ್ಕೆ ರೈಲಿನಲ್ಲಿಯೇ ಹೋಗಬಹುದು. ವೇಳಾಪಟ್ಟಿ ನೋಡಿಕೊಂಡು ಬೆಳಗಿನ ರೈಲು ಆರಿಸಿಕೊಳ್ಳಿ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು, ಬಿಸಿಲೇರಿದರೆ ಬಂಡೆ ಸುಡುತ್ತದೆ. ಮಕ್ಕಳಿಗೆ ಹತ್ತಿಯ ಕಾಲುಚೀಲ, ನೀರು, ಟೋಪಿ ಇರಲಿ. ಮೆಟ್ಟಿಲು ಎಣಿಸುವ ಕೆಲಸ ಚಿಕ್ಕವರಿಗೆ. 58 ಅಡಿಯ ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಬರಹಗಳನ್ನು ಹುಡುಕುವ ಕೆಲಸ ದೊಡ್ಡವರಿಗೆ.

ಮೊದಲ ನಾಲ್ಕು ದಿನ ಕಷ್ಟ

ಮೊಬೈಲ್ ಅಭ್ಯಾಸವಾದ ಮಗು ಮೊದಲು ರಗಳೆ ಮಾಡುತ್ತದೆ. ಬೇಸರ ಎನ್ನುತ್ತದೆ. ಬೇಸರವನ್ನು ಕಂಡು ಹೆದರಬೇಕಿಲ್ಲ. ಏನೂ ಮಾಡಲು ಇಲ್ಲದ ಮಗುವೇ ಬೆಂಕಿಪೊಟ್ಟಣದ ರೈಲು ಕಟ್ಟುವುದು. ಒಮ್ಮೆಲೇ ನಿಲ್ಲಿಸುವುದಕ್ಕಿಂತ ವೇಳೆ ಗೊತ್ತುಮಾಡಿ ದಿನೇ ದಿನೇ ಇಳಿಸುವುದು ಒಳ್ಳೆಯದು.

ಇದು ನಡೆಯುವುದು ದೊಡ್ಡವರೂ ಸೇರಿದರೆ ಮಾತ್ರ. ಊಟದ ಹೊತ್ತಿಗೆ ತಂದೆ ಆರ್ಡರ್ ನೋಡುತ್ತ, ಅಜ್ಜ ವಾಟ್ಸ್‌ಆ್ಯಪ್ ಸಂದೇಶ ಕಳಿಸುತ್ತ ಕೂತರೆ ಮಗುವಿಗೆ ಹೇಳುವ ಮಾತಿಗೆ ತೂಕ ಬರುವುದಿಲ್ಲ. ಮನೆಯ ಬಾಗಿಲ ಬಳಿ ಒಂದು ಡಬ್ಬ ಇಟ್ಟು, ಸಂಜೆ 6ರಿಂದ 8ರವರೆಗೆ ಎಲ್ಲರ ಫೋನೂ ಅದರಲ್ಲಿ ಇರಲಿ. ತುರ್ತು ಕರೆ ಬಂದರೆ ಎದ್ದು ಹೋಗಿ ಮಾತಾಡಿ ಮತ್ತೆ ಅಲ್ಲಿಯೇ ಇಡುವುದು.

ಬಾಲ್ಕನಿಯಲ್ಲಿ ಹಕ್ಕಿಗಳಿಗೆ ಮಣ್ಣಿನ ಬಟ್ಟಲಲ್ಲಿ ನೀರಿಡುವುದನ್ನು ಮನೆಯ ಅತಿ ಚಿಕ್ಕ ಮಗುವಿಗೆ ವಹಿಸಿ. ಸೊಳ್ಳೆ ಮೊಟ್ಟೆ ಇಡದಂತೆ ದಿನಾ ಬೆಳಿಗ್ಗೆ ನೀರು ಚೆಲ್ಲಿ, ಬಟ್ಟಲು ತಿಕ್ಕಿ, ಹೊಸ ನೀರು ತುಂಬಬೇಕು. ಉಳಿದ ಯೋಜನೆಗೆ ಈ ಭಾನುವಾರ ಪಕ್ಕದ ಐದು ಮನೆಯವರನ್ನು ಕರೆದು ಕೂತು, ಯಾವ ವಾರ ಯಾರ ಸರದಿ ಎಂದು ಕ್ಯಾಲೆಂಡರಿನಲ್ಲಿ ಬರೆದರೆ ಅರ್ಧ ಕೆಲಸ ಮುಗಿದಂತೆ.