ಹಾರ್ಡ್ ಡಿಸ್ಕಿಗೆ ತಕ್ಕ ಹೊರಕವಚ

ಕಳೆದ ಬೇಸಿಗೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಪ್ರಯೋಗಶಾಲೆಗೆ ಬಂದನು. ಅವನ ಮನೆತನದವರು ಬೀಳಗಿ ತಾಲ್ಲೂಕಿನವರು. ಅವರ ಹಳೆಯ ಊರು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ಆ ಊರಿನ ಮನೆ, ಗುಡಿ, ಬಾವಿಕಟ್ಟೆಗಳ ಭಾವಚಿತ್ರಗಳನ್ನು ಅವನ ಸೋದರಮಾವನು ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದನು. ಮೂಲಚಿತ್ರಗಳು ಗೆದ್ದಲಿಗೆ ಆಹುತಿಯಾದವು. ಕೆಲವು ವರ್ಷಗಳಲ್ಲಿ ಲ್ಯಾಪ್‌ಟಾಪೂ ಕೆಟ್ಟಿತು. ಅದರೊಳಗಿನ ಹಾರ್ಡ್ ಡಿಸ್ಕನ್ನು ಬಿಚ್ಚಿ ಅಗ್ಗದ ಕವಚವೊಂದರಲ್ಲಿ ಕೂರಿಸಿ ಬೇರೆ ಲ್ಯಾಪ್‌ಟಾಪಿಗೆ ಜೋಡಿಸಿದಾಗ ‘ಟಕ್, ಟಕ್’ ಎಂಬ ಸದ್ದಿನ ಹೊರತು ಮತ್ತೇನೂ ಕಾಣಲಿಲ್ಲ. “ಸರ್, ಡಿಸ್ಕ್ ಹೋತ್ರಿ” ಎಂದು ಹುಡುಗನು ಕಣ್ಣೀರು ತಂದುಕೊಂಡನು.

ನಾವು ಡಿಸ್ಕನ್ನಾಗಲಿ ಕವಚವನ್ನಾಗಲಿ ಬದಲಿಸಲಿಲ್ಲ. ಮೀಟರ್ ಉದ್ದದ ತೆಳುವಾದ ಕೇಬಲನ್ನು ತೆಗೆದು, ಗೇಣುದ್ದದ ದಪ್ಪ ಕೇಬಲೊಂದನ್ನು ಹಾಕಿದೆವು. ಡಿಸ್ಕ್ ತಿರುಗಿತು, ಚಿತ್ರಗಳು ಕಂಡವು. ಅದು ಸತ್ತಿರಲಿಲ್ಲ, ಅದಕ್ಕೆ ಸಾಕಷ್ಟು ವಿದ್ಯುತ್ತು ದೊರೆತಿರಲಿಲ್ಲ, ಅಷ್ಟೆ. ಅಂಗಡಿಯಲ್ಲಿ ‘ಹಾರ್ಡ್ ಡಿಸ್ಕ್ ಕೇಸ್’ ಎಂದು ಮಾರುವ ಈ ಸಣ್ಣ ವಸ್ತುವನ್ನು ಹೇಗೆ ಆರಿಸಬೇಕೆಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ತಿಳಿಯಬಹುದು. ಅದನ್ನು ಇಲ್ಲಿ ನೋಡೋಣ.

ಕವಚದೊಳಗೆ ಏನಿದೆ?

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲನೆಯ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈಯ ಮೇಲೆ ಕೂರುವ ಒಂದು ಟೆರಾಬೈಟ್ ಡಿಸ್ಕ್ ಅದರ ಸುಮಾರು ಎರಡು ಲಕ್ಷ ಪಟ್ಟು ಹಿಡಿಸುತ್ತದೆ. ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುವಾಗ, ಓದುವ ಮೊನೆಯು ಅವುಗಳಿಂದ ಕೆಲವೇ ನ್ಯಾನೋಮೀಟರ್ ದೂರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವು ಇದರ ಸಾವಿರಾರು ಪಟ್ಟು ಇರುವುದೆಂಬುದನ್ನು ನೆನೆದರೆ, ತಿರುಗುತ್ತಿರುವ ಡಿಸ್ಕನ್ನು ಏಕೆ ಅಲುಗಿಸಬಾರದೆಂಬುದು ತಾನೇ ತಿಳಿಯುವುದು.

ಡಿಸ್ಕಿನ ಭಾಷೆ ‘ಸಾಟಾ’. ಲ್ಯಾಪ್‌ಟಾಪಿನ ಹೊರಗಿನ ಪೋರ್ಟಿನ ಭಾಷೆ ‘ಯುಎಸ್‌ಬಿ’. ಕವಚದೊಳಗಿರುವ ಪುಟ್ಟ ಚಿಪ್ ಇವೆರಡರ ನಡುವೆ ದುಭಾಷಿಯಂತೆ ಕೆಲಸ ಮಾಡುತ್ತದೆ. ಹೀಗೆ ಕವಚವೆಂದರೆ ಹೊರಚಿಪ್ಪು, ದುಭಾಷಿ ಚಿಪ್, ಕೇಬಲ್ ಈ ಮೂರರ ಕೂಟ. ಇವುಗಳಲ್ಲಿ ಯಾವುದೊಂದು ದುರ್ಬಲವಾಗಿದ್ದರೂ ಉಳಿದವುಗಳ ಗುಣ ವ್ಯರ್ಥವಾಗುವುದು.

ಕೊಳ್ಳುವ ಮುನ್ನ ಡಿಸ್ಕಿನ ಜಾತಿಯನ್ನು ಅರಿಯಬೇಕು. ಲ್ಯಾಪ್‌ಟಾಪಿನಿಂದ ತೆಗೆದ ಡಿಸ್ಕ್ ಬಹುಮಟ್ಟಿಗೆ 2.5 ಅಂಗುಲದ್ದು, ಅದರ ದಪ್ಪ 7 ಇಲ್ಲವೆ 9.5 ಮಿಲಿಮೀಟರ್. ತೆಳುವಾದ ಕವಚದಲ್ಲಿ ಎರಡನೆಯದು ಹಿಡಿಸದು. ಮೇಜಿನ ಗಣಕದ 3.5 ಅಂಗುಲದ ಡಿಸ್ಕಿಗೆ 12 ವೋಲ್ಟ್ ಕೂಡ ಬೇಕಾದುದರಿಂದ ಅದರ ಕವಚಕ್ಕೆ ಪ್ರತ್ಯೇಕ ಅಡಾಪ್ಟರ್ ಇರಲೇಬೇಕು. ಚೂಯಿಂಗ್ ಗಮ್ಮಿನ ಪಟ್ಟಿಯಂತಿರುವ ‘ಎಂ.2’ ಡಿಸ್ಕುಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂದು ಎರಡು ಬಗೆ. ನೋಡಲು ಒಂದೇ ತೆರನಾದರೂ ಒಂದರ ಕವಚದಲ್ಲಿ ಇನ್ನೊಂದು ಕೆಲಸ ಮಾಡದಿರಬಹುದು.

ವಿದ್ಯುತ್ತಿನ ಲೆಕ್ಕ

ಕಬ್ಬಿನ ಹೊಲದ ಪಂಪಿನ ಮೋಟಾರನ್ನು ಚಾಲೂ ಮಾಡಿದ ಕ್ಷಣದಲ್ಲಿ ಪಕ್ಕದ ಮನೆಯ ದೀಪ ಮಂಕಾಗುವುದನ್ನು ಮುಧೋಳ, ಜಮಖಂಡಿಗಳ ಕಡೆಯ ಹುಡುಗರೆಲ್ಲರೂ ಕಂಡಿದ್ದಾರೆ. ನಿಂತ ಮೋಟಾರು ತಿರುಗತೊಡಗುವಾಗ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಡಿಸ್ಕಿನಲ್ಲಿಯೂ ಒಂದು ಮೋಟಾರಿದೆ. ತಿರುಗಲು ಆರಂಭಿಸುವ ಕೆಲವು ಕ್ಷಣ ಅದಕ್ಕೆ ಸುಮಾರು ಒಂದು ಆಂಪಿಯರ್ ಬೇಕು. ಯುಎಸ್‌ಬಿ 2.0 ನಿಯಮದಂತೆ ಪೋರ್ಟ್ ಕೊಡಬೇಕಾದುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, 3.0ರಲ್ಲಿ 900. ಅಂದಮೇಲೆ ಇಲ್ಲಿ ಹೆಚ್ಚಿನ ಅವಕಾಶವೇನೂ ಇಲ್ಲ.

ಇನ್ನು ಓಮನ ನಿಯಮವನ್ನು ಹಚ್ಚಿ ನೋಡೋಣ. ಅಗ್ಗದ ಕೇಬಲುಗಳಲ್ಲಿ ಬಳಸುವ 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧವಿದೆ. ಪ್ರವಾಹವು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳಬೇಕಾದುದರಿಂದ ಮೀಟರ್ ಉದ್ದದ ಕೇಬಲಿನ ಒಟ್ಟು ರೋಧ 0.42 ಓಮ್. ಒಂದು ಆಂಪಿಯರ್ ಹರಿದಾಗ 0.42 ವೋಲ್ಟ್ ದಾರಿಯಲ್ಲಿಯೇ ಕಳೆದು, ಡಿಸ್ಕಿಗೆ ಮುಟ್ಟುವುದು 4.58 ವೋಲ್ಟ್ ಮಾತ್ರ. ಇಂಥ ಡಿಸ್ಕುಗಳು ಸಾಮಾನ್ಯವಾಗಿ ಶೇಕಡ 5ರಷ್ಟು ವ್ಯತ್ಯಾಸವನ್ನು ಮಾತ್ರ ಸಹಿಸುತ್ತವೆ, ಅಂದರೆ 4.75 ವೋಲ್ಟಿಗಿಂತ ಇಳಿಯಬಾರದು. ವೇಗ ಸಾಲದೆ ಮೊನೆಯು ತನ್ನ ತಂಗುದಾಣಕ್ಕೆ ಹಿಂದಿರುಗುತ್ತದೆ, ಮತ್ತೆ ಯತ್ನಿಸುತ್ತದೆ, ಮತ್ತೆ ಹಿಂದಿರುಗುತ್ತದೆ. ನಮ್ಮ ವಿದ್ಯಾರ್ಥಿಯು ಕೇಳಿದ ಸದ್ದು ಇದೇ.

ಅದೇ ತಂತಿಯ ಅರ್ಧ ಮೀಟರ್ ಕೇಬಲಿನಲ್ಲಿ ನಷ್ಟವು 0.21 ವೋಲ್ಟಿಗೆ ಇಳಿಯುವುದು. 24 ಗೇಜಿನ ತಂತಿಯಾದರೆ ಒಂದು ಮೀಟರಿಗೂ ನಷ್ಟ 0.17 ವೋಲ್ಟ್ ಮಾತ್ರ. ಗೇಜಿನ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪವೆಂಬುದನ್ನು ಮರೆಯಬಾರದು. ಅನೇಕ ಕೇಬಲುಗಳ ಮೈಮೇಲೆ ಈ ಸಂಖ್ಯೆ ಮುದ್ರಿತವಾಗಿರುತ್ತದೆ. ಡಿಸ್ಕನ್ನು ಹಬ್‌ನ ಮೂಲಕ ಜೋಡಿಸದೆ ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸುವುದು ಲೇಸು. ಇಲ್ಲಿ ಒಂದು ಎಚ್ಚರಿಕೆ: ಮೊನೆಯೇ ಕೆಟ್ಟಾಗಲೂ ಇಂಥದೇ ಸದ್ದು ಬರುವುದುಂಟು. ಆದುದರಿಂದ ಸದ್ದು ಕೇಳಿದೊಡನೆ ಡಿಸ್ಕನ್ನು ಬಿಡಿಸಬೇಕು. ಕೇಬಲ್ ಬದಲಿಸಿ ಒಮ್ಮೆ ನೋಡಬಹುದು. ಆಗಲೂ ಸದ್ದು ನಿಲ್ಲದಿದ್ದರೆ ಮತ್ತೆ ಮತ್ತೆ ಯತ್ನಿಸದೆ ಬಲ್ಲವರ ಕೈಗೆ ಒಪ್ಪಿಸಬೇಕು.

ಬಿಸಿಲು ಮತ್ತು ಧೂಳು

ನಮ್ಮ ಸೀಮೆಯಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಗೆ ಏರುವುದು ಹೊಸದಲ್ಲ. ಬಹುತೇಕ ಲ್ಯಾಪ್‌ಟಾಪ್ ಡಿಸ್ಕುಗಳಿಗೆ 60 ಡಿಗ್ರಿಯ ಆಸುಪಾಸೇ ಮಿತಿ. ಉಳಿದ 20 ಡಿಗ್ರಿಗಳಲ್ಲಿಯೇ ಡಿಸ್ಕ್ ತನ್ನ ಬಿಸಿಯನ್ನು ಹೊರಹಾಕಿಕೊಳ್ಳಬೇಕು. ಅಲ್ಯೂಮಿನಿಯಮ್ಮಿನ ಉಷ್ಣವಾಹಕತೆಯು ಪ್ಲಾಸ್ಟಿಕ್ಕಿನದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಆದುದರಿಂದ ಲೋಹದ ಕವಚವೇ ಉತ್ತಮ. ಆದರೆ ಡಿಸ್ಕಿಗೂ ಲೋಹಕ್ಕೂ ನಡುವೆ ಗಾಳಿ ನಿಂತಿದ್ದರೆ ಪ್ರಯೋಜನ ಕಡಿಮೆ. ಬೇಗನೆ ಬಿಸಿಯಾಗುವ ಎನ್‌ವಿಎಂಇ ಡಿಸ್ಕುಗಳ ಕವಚದಲ್ಲಿ ಉಷ್ಣ ಸಾಗಿಸುವ ಮೆತ್ತನೆಯ ಪಟ್ಟಿ ಇದೆಯೇ ಎಂದು ನೋಡಬೇಕು. ಅಡಕಗೊಳಿಸಿದ ಪಂಖ ಇದ್ದರೆ ಒಳ್ಳೆಯದಲ್ಲವೆ ಎಂದು ಕೆಲವರು ಕೇಳುವರು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಗಾಳಿಯ ತುಂಬ ನೂಲಿನ ಧೂಳು. ಪಂಖವು ಅದನ್ನೇ ಒಳಗೆ ಸೆಳೆದು ತುಂಬಿಸುವುದು. ಅಂಥ ಕಡೆ ಪಂಖವಿಲ್ಲದ, ರಂಧ್ರಗಳಿಲ್ಲದ ಲೋಹದ ಕವಚವೇ ಮೇಲು.

ದುಭಾಷಿಯ ಪರೀಕ್ಷೆ

ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ ಹೆಚ್ಚೆಂದರೆ 60 ಮೆಗಾಬೈಟ್. ಸಾಧಾರಣ ಡಿಸ್ಕ್ ಕೂಡ ಇದಕ್ಕಿಂತ ವೇಗವಾಗಿ ಓದಬಲ್ಲುದು. ಆದುದರಿಂದ 5 ಗಿಗಾಬಿಟ್ ವೇಗದ ಕವಚವನ್ನು ಕೊಳ್ಳಬೇಕು. ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಎಂಬ ಮೂರು ಹೆಸರುಗಳೂ ಈ ಒಂದೇ ವೇಗವನ್ನು ಸೂಚಿಸುತ್ತವೆ; ಹೊಸ ಹೆಸರಿಗೆಂದು ಹೆಚ್ಚು ಹಣ ತೆರಬೇಕಾಗಿಲ್ಲ.

ಕೆಲವು ಹಳೆಯ ಚಿಪ್ಪುಗಳು ಡಿಸ್ಕಿನ ಖಾನೆಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತವೆ. ಖಾನೆಗೆ 512 ಬೈಟ್‌ನಂತೆ ಗುಣಿಸಿದರೆ ಸುಮಾರು 2.2 ಟೆರಾಬೈಟ್ ಆಗುವುದು; ಅದರಾಚೆಯ ಜಾಗವನ್ನು ಅವು ಕಾಣಲಾರವು. ಇನ್ನು ಕೆಲವು ಚಿಪ್ಪುಗಳು ಮಾಹಿತಿಯನ್ನು ತಮ್ಮದೇ ಗುಪ್ತಲಿಪಿಯಲ್ಲಿ ಬರೆದಿಡುತ್ತವೆ. ಕವಚ ಕೆಟ್ಟರೆ ಡಿಸ್ಕ್ ಚೆನ್ನಾಗಿದ್ದರೂ ಬೇರೆಡೆ ಓದಲಾಗದು. ಆದುದರಿಂದ ಹೊಸ ಕವಚವನ್ನು ನಂಬುವ ಮೊದಲು, ಕಳೆದರೂ ಚಿಂತೆಯಿಲ್ಲದ ನಕಲುಗಳಿಂದ ಪರೀಕ್ಷಿಸಬೇಕು. ಐವತ್ತು ಗಿಗಾಬೈಟಿನಷ್ಟು ಕಡತಗಳನ್ನು ಒಂದೇ ಸಮನೆ ಬರೆದು, ನಡುವೆ ಸಂಪರ್ಕ ಕಡಿಯುವುದೇ ಎಂದು ಗಮನಿಸಿರಿ. ಮೂಲವನ್ನೂ ನಕಲನ್ನೂ ಹೋಲಿಸಿರಿ. ಬಳಿಕ ಡಿಸ್ಕನ್ನು ಹೊರತೆಗೆದು ಇನ್ನೊಂದು ಕವಚದಲ್ಲಿಟ್ಟು ಓದಿಸಿರಿ. ಈ ಪರೀಕ್ಷೆಯಲ್ಲಿ ಗೆದ್ದ ಕವಚವನ್ನು ಧಾರಾಳವಾಗಿ ಬಳಸಬಹುದು.

ಆದರೂ ಎಂಥ ಉತ್ತಮ ಕವಚವೂ ಎರಡನೆಯ ಪ್ರತಿಗೆ ಸಮನಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿದಾಗ ನಮ್ಮ ಭಾಗದ ನದೀತೀರದ ಜನರು ಕೈಗೆ ಸಿಕ್ಕಿದ್ದನ್ನು ಹಿಡಿದು ಮನೆ ಬಿಡಬೇಕಾಯಿತು. ಒಂದೇ ಕಪಾಟಿನಲ್ಲಿ ಇಟ್ಟ ಎರಡು ಡಿಸ್ಕುಗಳು ನೆರೆಯ ನೀರಿಗೆ ಒಂದೇ ಲೆಕ್ಕ. ಒಂದನ್ನು ಬೇರೆ ಊರಿನಲ್ಲಿ, ಎತ್ತರದ ಮನೆಯಲ್ಲಿ ಇಡುವುದು ವಿವೇಕ.

ನಮ್ಮ ವಿದ್ಯಾರ್ಥಿಯು ಅಂದು ಸಂಜೆಯವರೆಗೆ ಪ್ರಯೋಗಶಾಲೆಯಲ್ಲಿಯೇ ಕುಳಿತು ಚಿತ್ರಗಳ ಎರಡು ಪ್ರತಿಗಳನ್ನು ಮಾಡಿಕೊಂಡನು. ಒಂದು ಅವನ ಮನೆಯಲ್ಲಿದೆ. ಇನ್ನೊಂದು ಜಮಖಂಡಿಯಲ್ಲಿರುವ ಅವನ ಅತ್ತೆಯ ಮನೆಯಲ್ಲಿದೆ. ನೀರಿನಡಿ ಹೋದ ಊರು ಮರಳಿ ಬಾರದು. ಅದರ ಗುಡಿಯ ಕಳಸ ಹೇಗಿತ್ತೆಂದು ಮುಂದೆ ಹುಟ್ಟುವ ಮಕ್ಕಳು ಕೇಳಿದರೆ, ತೋರಿಸಲು ಚಿತ್ರವೊಂದು ಉಳಿದಿದೆ.